ನಮ್ಮ ಸೀಮೆಯ ಅಕ್ಷರಾಭ್ಯಾಸ: ಒಂದು ಹಳೆಯ ವರದಿಯ ಬೆಳಕಿನಲ್ಲಿ

ಮಕ್ಕಳ ಓದುಬರಹಕ್ಕೆ ಸರ್ಕಾರದ ನೀತಿಯೊಂದು ಬೇಕೆಂಬ ವಿಚಾರ ನಮ್ಮ ಸೀಮೆಗೆ ಹೊಸದಲ್ಲ. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಕಲೆಕ್ಟರರಿಂದಲೂ ಶಾಲೆಗಳ ಲೆಕ್ಕ ತರಿಸಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಬರೆದ ಉತ್ತರವನ್ನು ಅಮರಾಪುರದವರಾದ ನಾವು ಅವಶ್ಯವಾಗಿ ಓದಬೇಕು. ಮಡಕಶಿರಾ ಸೀಮೆ 1882ರವರೆಗೆ, ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದವು.

ಆಗ ಜಿಲ್ಲೆಯಲ್ಲಿದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಮಿಕ್ಕವು ಸಂಸ್ಕೃತ, ಮರಾಠಿ, ಪಾರಸಿ ಮೊದಲಾದವು. ಓದುತ್ತಿದ್ದವರು 6,641, ಅವರಲ್ಲಿ ಹೆಣ್ಣುಮಕ್ಕಳು ಕೇವಲ 60! ಹುಡುಗನಿಗೆ ಐದು ವರ್ಷವಾದಾಗ ಗಣಪತಿಯ ಪೂಜೆ ಮಾಡಿಸಿ, ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಯಿಸುತ್ತಿದ್ದರು, ಆಮೇಲೆ ಮರಳು. ಹಿರಿಯ ಹುಡುಗರು ಕಿರಿಯರಿಗೆ ಹೇಳಿಕೊಡುವ ಕ್ರಮವನ್ನು ಕ್ಯಾಂಬೆಲ್ ಮೆಚ್ಚಿಕೊಂಡಿದ್ದಾನೆ.

ಮೆಚ್ಚದಿದ್ದುದು ಬೇರೊಂದು. ಬಸವಪುರಾಣ, ಗಿರಿಜಾಕಲ್ಯಾಣಗಳಂಥ ಗ್ರಂಥಗಳು ಶಾಲೆಯಲ್ಲಿದ್ದರೂ ಪದ್ಯದ ಭಾಷೆ ಆಡುಮಾತಿಗಿಂತ ದೂರವಾದ್ದರಿಂದ ಮಕ್ಕಳು ಅರ್ಥವರಿಯದೆ ಗಿಳಿಪಾಠ ಒಪ್ಪಿಸುತ್ತಿದ್ದರು. ಮನೆಗಳ ಸ್ಥಿತಿಯನ್ನೂ ಆತ ಮರೆಮಾಚಲಿಲ್ಲ. ವಿಲಾಯಿತಿ ಬಟ್ಟೆ ಬಂದು ನೇಯ್ಗೆಯವರ ಕಸುಬು ಕೆಟ್ಟಿತು. ಬಡವರು ಎಳೆಯ ಮಕ್ಕಳನ್ನೇ ಕೆಲಸಕ್ಕೆ ಹಚ್ಚಬೇಕಾಯಿತು. ಹಿಂದೆ ಶಾಲೆಯಿದ್ದ ಅನೇಕ ಹಳ್ಳಿಗಳಲ್ಲಿ ಶಾಲೆಯೇ ಇಲ್ಲವಾಯಿತು. ಇರುವ ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲವೆಂದು ಹೇಳಲು ತನಗೆ ನಾಚಿಕೆಯಾಗುತ್ತದೆಂದು ಬರೆದ ಅಧಿಕಾರಿ ಆತ. ಇಂಥ ವಾಕ್ಯ ಸರ್ಕಾರಿ ಕಡತಗಳಲ್ಲಿ ಅಪರೂಪ.

ಸ್ವಾತಂತ್ರ್ಯಾನಂತರದ ನೀತಿ ಎಣಿಕೆಯಿಂದ ಮೊದಲಾಯಿತು. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಅವರ ಮಾತೃಭಾಷೆಯಲ್ಲಿ ಕಲಿಸಬೇಕೆಂದು 1949ರ ವಿದ್ಯಾಮಂತ್ರಿಗಳ ಸಮ್ಮೇಳನ ನಿರ್ಣಯಿಸಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು, ರಾಯದುರ್ಗ ಆಂಧ್ರದಲ್ಲುಳಿಯಿತು. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಗಡಿನಾಡಿನ ಕನ್ನಡ ಶಾಲೆಗೆ ಇವೇ ಆಧಾರ. ಆದರೆ ಹತ್ತು ಮಕ್ಕಳಲ್ಲಿ ಇಬ್ಬರನ್ನು ತಂದೆತಾಯಿಗಳು ಇಂಗ್ಲಿಷ್ ಶಾಲೆಗೆ ಕಳುಹಿಸಿದರೆ ಉಳಿದ ಎಂಟು ಮಕ್ಕಳ ಗತಿಯೇನು? ಎಣಿಕೆಯ ನಿಯಮ ಇದಕ್ಕೆ ಉತ್ತರ ಹೇಳುವುದಿಲ್ಲ.

2019ರ ನವೆಂಬರಿನಲ್ಲಿ ಆಂಧ್ರ ಸರ್ಕಾರ ತನ್ನ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮವನ್ನು ವಿಧಿಸಿತು. 2020ರ ಏಪ್ರಿಲಿನಲ್ಲಿ ಉಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಮಾಡಿತು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿದ್ದಲ್ಲಿ ಐದನೆಯ ತರಗತಿಯವರೆಗಾದರೂ ಮನೆಮಾತಿನಲ್ಲೇ ಕಲಿಸಬೇಕೆಂದಿತು. 2021ರ ಜುಲೈನಲ್ಲಿ ಬಂದ ನಿಪುಣ್ ಭಾರತ್ ಯೋಜನೆ, ಮೂರನೆಯ ತರಗತಿ ಮುಗಿಸುವ ಮಗು ಅರ್ಥವರಿತು ಓದಬೇಕೆಂಬ ಗುರಿಗೆ 2026–27ರ ಗಡುವು ಇಟ್ಟಿತು. ಅರ್ಥವರಿತು ಎಂಬ ಮಾತನ್ನು ಉಪಾಧ್ಯಾಯ ಮಿತ್ರರು ಗಮನಿಸಬೇಕು. ಕ್ಯಾಂಬೆಲ್ ಎತ್ತಿದ ದೋಷವೇ ಎರಡು ಶತಮಾನಗಳ ಬಳಿಕ ರಾಷ್ಟ್ರದ ಗುರಿಯಾಗಿ ಮರಳಿದೆ.

ನಿಪುಣ್ ಯೋಜನೆ ತಂದೆತಾಯಿಗಳನ್ನೂ ಪಾಲುಗಾರರೆನ್ನುತ್ತದೆ. ಇಲ್ಲಿ ನಮ್ಮ ತೊಡಕು ವಿಚಿತ್ರವಾದುದು. ಅಮರಾಪುರದ ಮಗು ಮನೆಯಲ್ಲಿ ಕನ್ನಡ ಆಡುತ್ತದೆ. ಬಸ್ಸಿನ ಫಲಕ, ಪಹಣಿ, ಪಡಿತರದ ಕಾಗದಗಳಲ್ಲಿ ಕಾಣುವುದು ತೆಲುಗಿನ ಅಕ್ಷರ. ಲಿಪಿಗಳು ಅಕ್ಕತಂಗಿಯರಾದ್ದರಿಂದ ಒಂದು ಗಟ್ಟಿಯಾದ ಮಗುವಿಗೆ ಇನ್ನೊಂದು ಬೇಗ ಹತ್ತುತ್ತದೆ. ಮೊದಲನೆಯದು ಗಟ್ಟಿಯಾಗಲು ಮನೆಯಲ್ಲಿ ಕನ್ನಡ ಪುಸ್ತಕವಿರಬೇಕು, ಮಗು ಓದುವಾಗ ಕೇಳುವವರಿರಬೇಕು. ಕೇಳುವುದಕ್ಕೆ ಅಕ್ಷರ ಬೇಕಿಲ್ಲ, ಅಜ್ಜಿಯೂ ಸಾಕು. ಹಿರಿಯ ಮಗು ಕಿರಿಯದಕ್ಕೆ ಹೇಳಿಕೊಡುವ ಹಳೆಯ ಕ್ರಮವನ್ನು ಸಂಜೆ ಮನೆಯ ಜಗಲಿಯ ಮೇಲೆ ನಡೆಸಲು ಯಾವ ಸರ್ಕಾರದ ಆಜ್ಞೆಯೂ ಬೇಕಾಗಿಲ್ಲ. ಶಾಲೆಯ ಬೀರುವಿನಲ್ಲಿ ಬೀಗ ಬಿದ್ದಿರುವ ಕಥೆ ಪುಸ್ತಕಗಳನ್ನು ವಾರಕ್ಕೊಂದರಂತೆ ಮನೆಗೆ ಕೊಟ್ಟು ಕಳುಹಿಸುವ ಕೆಲಸವಂತೂ ಮುಖ್ಯೋಪಾಧ್ಯಾಯರದೇ.