ಹೊಸ ಇಯರ್‌ಫೋನ್, ಸ್ಪೀಕರ್‌ಗಳನ್ನು ನೂರು ಗಂಟೆ ಓಡಿಸಿದರೆ ಧ್ವನಿ ಸುಧಾರಿಸುತ್ತದೆಯೇ?

ಹೇಳಿಕೆ: ಹೊಸ ಇಯರ್‌ಫೋನ್ ಅಥವಾ ಸ್ಪೀಕರ್ ಕೊಂಡ ಮೇಲೆ ಮೊದಲು 100ರಿಂದ 200 ಗಂಟೆ ಹಾಡು ಹಾಕಿ ಬಿಡಬೇಕು, ಆಮೇಲೆಯೇ ನಿಜವಾದ ಬೇಸ್ ಬರುತ್ತದೆ. ಇದಕ್ಕೆ ‘ಬರ್ನ್-ಇನ್’ ಎನ್ನುತ್ತಾರೆ.

ತೀರ್ಪು: ದೊಡ್ಡ ಸ್ಪೀಕರ್‌ಗಳ ಮಟ್ಟಿಗೆ ಅಲ್ಪ ನಿಜ. ಉಳಿದಂತೆ ತಪ್ಪು ತಿಳಿವಳಿಕೆ.

ಈ ಪದ ಎಲ್ಲಿಯದು?
ಎಲೆಕ್ಟ್ರಾನಿಕ್ ಕಾರ್ಖಾನೆಗಳಲ್ಲಿ ಬಿಡಿಭಾಗಗಳನ್ನು ಹೆಚ್ಚು ಶಾಖದಲ್ಲಿ ಗಂಟೆಗಟ್ಟಲೆ ಓಡಿಸುತ್ತಾರೆ. ದುರ್ಬಲವಾದವು ಅಲ್ಲಿಯೇ ಕೆಟ್ಟುಹೋಗಲಿ ಎಂಬುದು ಉದ್ದೇಶ. ಧ್ವನಿ ಇಂಪಾಗಲಿ ಎಂದಲ್ಲ.

ನಿಜ ಎಷ್ಟು?
ಸ್ಪೀಕರ್‌ನ ಕೋನ್ ಅನ್ನು ಹಿಡಿದಿರುವ ಅಂಚು ಮತ್ತು ಹಿಂಬದಿಯ ಬಟ್ಟೆಯ ಬಳೆ ಹೊಸದರಲ್ಲಿ ತುಸು ಬಿಗಿಯಾಗಿರುತ್ತವೆ. ಓಡಿದಂತೆ ಸಡಿಲಗೊಳ್ಳುತ್ತವೆ. ದೊಡ್ಡ ಊಫರ್‌ಗಳಲ್ಲಿ ಈ ಬದಲಾವಣೆಯನ್ನು ಉಪಕರಣದಿಂದ ಅಳೆಯಬಹುದು. ಆದರೆ ಅದರ ಬಹುಪಾಲು ಮೊದಲ ಬಳಕೆಯಲ್ಲಿಯೇ ಮುಗಿಯುತ್ತದೆ. ಇಯರ್‌ಫೋನ್‌ನಲ್ಲಿರುವುದು ಚಿಕ್ಕ, ತೆಳು ಪೊರೆ. ಅದರಲ್ಲಿ ಆಗುವ ಬದಲಾವಣೆ ಕಿವಿಗೆ ಗೊತ್ತಾಗುವಷ್ಟಿಲ್ಲ. ಕೇಬಲ್‌ನಲ್ಲಿ ಅಲುಗಾಡುವ ಭಾಗವೇ ಇಲ್ಲ. ತಾಮ್ರದ ತಂತಿ ಹಾಡು ಹರಿದು ಪಳಗುವುದಿಲ್ಲ.

ಹಳೆಯ ವಾಲ್ವ್ ರೇಡಿಯೊ ಬಿಸಿಯಾಗುವವರೆಗೆ ಹಿರಿಯರು ಕಾಯುತ್ತಿದ್ದರಲ್ಲ ಎಂದು ಕೇಳಬಹುದು. ಅದು ಪ್ರತಿ ಸಲ ಸ್ವಿಚ್ ಹಾಕಿದಾಗ ವಾಲ್ವ್ ಒಳಗಿನ ತಂತಿ ಕಾಯಲು ಬೇಕಾದ ಸಮಯ. ಬರ್ನ್-ಇನ್‌ಗೂ ಅದಕ್ಕೂ ಸಂಬಂಧವಿಲ್ಲ.

ಮತ್ತೆ ವ್ಯತ್ಯಾಸ ಕೇಳಿಸುವುದೇಕೆ?
ಕೆಲವು ದಿನಗಳಲ್ಲಿ ಹೆಡ್‌ಫೋನ್‌ನ ಮೆತ್ತೆ ತಲೆಗೆ ಒಗ್ಗಿಕೊಳ್ಳುತ್ತದೆ, ಇಯರ್‌ಫೋನ್ ಸರಿಯಾಗಿ ಕೂರಿಸುವುದು ನಮಗೆ ರೂಢಿಯಾಗುತ್ತದೆ. ಸಂದಿ ಮುಚ್ಚಿದಷ್ಟೂ ಬೇಸ್ ಹೆಚ್ಚು ಕೇಳುತ್ತದೆ. ಹೊಸ ಧ್ವನಿಗೆ ಮಿದುಳೂ ಹೊಂದಿಕೊಳ್ಳುತ್ತದೆ. ಜೊತೆಗೆ, ಧ್ವನಿಯ ಸೂಕ್ಷ್ಮ ವ್ಯತ್ಯಾಸ ನಮ್ಮ ನೆನಪಿನಲ್ಲಿ ಉಳಿಯುವುದು ಕೆಲವೇ ಸೆಕೆಂಡು. ಹೋದ ವಾರದ ಧ್ವನಿಯನ್ನು ಇಂದಿನದರ ಜೊತೆ ಹೋಲಿಸಲು ನಂಬುವಂತಿಲ್ಲ. ಪರೀಕ್ಷಿಸಬೇಕೆಂದರೆ ಒಂದೇ ಮಾದರಿಯ ಹೊಸದನ್ನೂ ಹಳೆಯದನ್ನೂ ಯಾವುದು ಯಾವುದೆಂದು ತಿಳಿಯದಂತೆ ಕೇಳಿ ನೋಡಬೇಕು.

ನಂಬಿದರೆ ನಷ್ಟವೇನು?
200 ಗಂಟೆ ಎಂದರೆ ಬಿಡುವಿಲ್ಲದೆ ಎಂಟು ದಿನಕ್ಕೂ ಹೆಚ್ಚು. ಅನೇಕ ಆನ್‌ಲೈನ್ ಮಳಿಗೆಗಳಲ್ಲಿ ಬದಲಾಯಿಸಿಕೊಳ್ಳಲು ಇರುವುದು 7 ದಿನ. ಧ್ವನಿ ಸರಿಹೋಗುತ್ತದೆಂದು ಕಾದರೆ ದೋಷವಿರುವ ವಸ್ತು ನಮ್ಮ ಬಳಿಯೇ ಉಳಿಯುತ್ತದೆ. ಕೊಡ್ಲಿಪೇಟೆಯಂಥ ಊರಿನವರು ರಿಪೇರಿಗೆಂದು ಮಡಿಕೇರಿಗೋ ಹಾಸನಕ್ಕೋ ಬಸ್ ಹತ್ತಬೇಕಾದರೆ ಒಂದು ದಿನದ ಕೆಲಸವೂ ಹೋಯಿತು.

ಕಿವಿಗೆ ಹಾಕಿಕೊಂಡೇ ಜೋರಾಗಿ ‘ಪಳಗಿಸುವುದು’ ಇನ್ನೂ ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ಬರೀ 4 ಗಂಟೆ. ಜೋರು ಶಬ್ದದಿಂದ ಸತ್ತ ಒಳಗಿವಿಯ ಜೀವಕೋಶಗಳು ಮತ್ತೆ ಹುಟ್ಟುವುದಿಲ್ಲ.

ಏನು ಮಾಡಬೇಕು?
ಕೊಂಡ ದಿನವೇ ನಿಮಗೆ ಚೆನ್ನಾಗಿ ಗೊತ್ತಿರುವ ಹಾಡುಗಳನ್ನು ಕೇಳಿ. ಎರಡೂ ಕಡೆ ಸಮನಾಗಿದೆಯೇ, ಕರಕರ ಸದ್ದಿದೆಯೇ ನೋಡಿ. ಇಯರ್‌ಫೋನ್ ಆದರೆ ಬೇರೆ ಅಳತೆಯ ರಬ್ಬರ್ ತುದಿ ಹಾಕಿ ನೋಡಿ. ಆಗಲೂ ಹಿಡಿಸದಿದ್ದರೆ ಅವಧಿಯೊಳಗೆ ಹಿಂದಿರುಗಿಸಿ. ಈ ಫಾರ್ವರ್ಡ್ ನಿಮಗೂ ಬಂದಿದ್ದರೆ, ಕಳಿಸಿದವರಿಗೆ ಇದನ್ನೂ ತಲುಪಿಸಿ.