ಧ್ವನಿವರ್ಧಕಕ್ಕೆ ಚಿನ್ನದ ಪ್ಲಗ್ ಬೇಕೇ?

ಚಿಕ್ಕೋಡಿಯಲ್ಲೋ ರಾಯಬಾಗದಲ್ಲೋ ಮನೆಯ ಮೂಲೆಯೊಂದರಲ್ಲಿ ಕುಳಿತು, ತಮ್ಮ ಕೈಯಿಂದಲೇ ಧ್ವನಿವರ್ಧಕ ಕಟ್ಟುವ ಹವ್ಯಾಸ ತಮಗಿದೆಯೆಂದು ಭಾವಿಸೋಣ. ಪೆಟ್ಟಿಗೆ ಸಿದ್ಧವಾಗಿದೆ, ಟ್ರಾನ್ಸ್‌ಫಾರ್ಮರು ತನ್ನ ಜಾಗದಲ್ಲಿ ಕುಳಿತಿದೆ. ಉಳಿದದ್ದು ಗೋಡೆಯ ವಿದ್ಯುತ್ತನ್ನು ಒಳಕ್ಕೆ ತರುವ ಪ್ಲಗ್ಗು, ಸಾಕೆಟ್ಟು. ಸಾಧಾರಣವಾದುದು ಸಾಕೇ? ಚಿನ್ನದ ಲೇಪವಿರುವ ದುಬಾರಿಯದೇ ಬೇಕೇ? ಉತ್ತರ ಹೇಳುವ ಮೊದಲು ಈ ಪುಟ್ಟ ಸಲಕರಣೆಯ ಚರಿತ್ರೆಯನ್ನು ತುಸು ನೋಡೋಣ.

ವಿದ್ಯುತ್ತು ಮನೆಗಳಿಗೆ ಬಂದದ್ದು ಮೊದಲು ದೀಪಕ್ಕಾಗಿ. ಬೇರೆ ಉಪಕರಣಗಳನ್ನೂ ಆಗ ದೀಪದ ಹೋಲ್ಡರಿಗೇ ಸಿಕ್ಕಿಸುತ್ತಿದ್ದರು. 1904ರಲ್ಲಿ ಅಮೇರಿಕೆಯ ಹಾರ್ವೆ ಹಬ್ಬೆಲ್, ಬೇಕೆಂದಾಗ ಬೇರ್ಪಡಿಸಬಹುದಾದ ಪ್ಲಗ್ಗಿಗೆ ಪೇಟೆಂಟು ಪಡೆದನು. 1934ರಲ್ಲಿ ಬ್ರಿಟನ್ನಿನಲ್ಲಿ ದುಂಡು ಪಿನ್ನುಗಳ ಪ್ಲಗ್ಗಿನ ಪ್ರಮಾಣ ನಿಗದಿಯಾಯಿತು. ನಮ್ಮ ಗೋಡೆಗಳ ಮೂರು ಪಿನ್ನಿನ ಸಾಕೆಟ್ಟು ಅದೇ ವಂಶದ್ದು. ಉಪಕರಣದ ಬೆನ್ನಿಗೆ ಕೂಡಿಸುವ ಸಾಕೆಟ್ಟಿಗೆ 1970ರಲ್ಲಿ ಅಂತರರಾಷ್ಟ್ರೀಯ ಪ್ರಮಾಣ ಬಂದಿತು. ಈ ಯಾವ ಹೆಜ್ಜೆಯೂ ನಾದದ ಮಾಧುರ್ಯಕ್ಕಾಗಿ ಇಟ್ಟದ್ದಲ್ಲ. ಅನುಕೂಲಕ್ಕೂ ಜೀವರಕ್ಷಣೆಗೂ ಇಟ್ಟದ್ದು.

ಸ್ವಂತ ಧ್ವನಿವರ್ಧಕ ಕಟ್ಟುವವರಿಗೂ ಒಂದು ಪರಂಪರೆಯಿದೆ. 1947ರಲ್ಲಿ ವಿಲಿಯಮ್ಸನ್ ಎಂಬವನು 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಪ್ರಕಟಿಸಿದ 15 ವ್ಯಾಟಿನ ವಾಲ್ವ್ ಧ್ವನಿವರ್ಧಕವನ್ನು ಅನೇಕ ದೇಶಗಳ ಹವ್ಯಾಸಿಗಳು ಕಟ್ಟಿದರು. ಅದರ ಕೀರ್ತಿಗೆ ಕಾರಣ ಒಳಗಿನ ಮಂಡಲ ಮತ್ತು ಉತ್ತಮ ಟ್ರಾನ್ಸ್‌ಫಾರ್ಮರು. 1950ರ ಜನವರಿ 8ರಂದು ಧಾರವಾಡದ ಬಾನುಲಿ ಕೇಂದ್ರ ಆರಂಭವಾದಾಗ ಜನ ಕೇಳಿದ್ದೂ ವಾಲ್ವಿನ ರೇಡಿಯೋಗಳಲ್ಲಿಯೇ. ಆಮೇಲೆ ಟ್ರಾನ್ಸಿಸ್ಟರು ಬಂದಿತು. ಈಗ ಬೆರಳಗಲದ ಐಸಿಯೊಂದು ಆ ಕೆಲಸವನ್ನೆಲ್ಲ ಮಾಡುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಎರಡು ಬದಿಗೂ 50 ವ್ಯಾಟ್ ಕೊಡುವ ಧ್ವನಿವರ್ಧಕ ಪೂರ್ಣ ಸ್ವರದಲ್ಲಿದ್ದಾಗಲೂ 230 ವೋಲ್ಟಿನಿಂದ ಸುಮಾರು ಒಂದೂವರೆ ಆಂಪಿಯರನ್ನಷ್ಟೇ ಎಳೆಯುತ್ತದೆ. ಸಾಮಾನ್ಯ ಸಾಕೆಟ್ಟು ಇದಕ್ಕಿಂತ ಬಹಳ ಹೆಚ್ಚನ್ನು ತಾಳುತ್ತದೆ. ಬಿಗಿಯಾದ ಸಂಪರ್ಕದ ರೋಧ ಓಮಿನ ನೂರನೆಯ ಒಂದಂಶವೆಂದಿಟ್ಟುಕೊಂಡರೂ ಕಳೆಯುವುದು 15 ಮಿಲಿವೋಲ್ಟ್ ಮಾತ್ರ. ಕಂಬದಿಂದ ಮನೆಗೆ ಬರುವ ತಂತಿಯಲ್ಲಿ ಅರ್ಧ ಓಮ್ ಇದ್ದರೆ ಅದು ಇದರ 50 ಪಟ್ಟು. ಅಷ್ಟು ದೂರ ಸಾದಾ ತಂತಿಯಲ್ಲಿ ಬಂದ ವಿದ್ಯುತ್ತಿಗೆ ಕೊನೆಯ ಅಂಗುಲದಲ್ಲಿ ಚಿನ್ನ ಹೊದಿಸಿ ಫಲವೇನು?

ಆದರೆ ಅಗ್ಗವೆಂದು ಸಡಿಲವಾದುದನ್ನು ಕೊಳ್ಳಬಾರದು. ಪಿನ್ನು ಅಲುಗಾಡಿ ರೋಧ ಒಂದು ಓಮಿಗೆ ಏರಿತೆಂದರೆ, ಆ ತುದಿಯಲ್ಲಿಯೇ ಎರಡು ವ್ಯಾಟಿಗೂ ಮಿಕ್ಕ ಶಾಖ ಹುಟ್ಟುತ್ತದೆ. ಪಿನ್ನು ಕಪ್ಪಾಗುತ್ತದೆ, ಕಿಡಿ ಹಾರುತ್ತದೆ, ಹಾಡಿನ ನಡುವೆ ಚಟಚಟ ಸದ್ದು ಕೇಳುತ್ತದೆ. ಅಥಣಿ, ನಿಪ್ಪಾಣಿಗಳ ಚರ್ಮದ ಚಪ್ಪಲಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬಾಳಿಕೆ ಇರುವುದು ಹೊಲಿಗೆಯಲ್ಲಿ, ಮೇಲಿನ ಗೊಂಡೆಯಲ್ಲಲ್ಲ.

ಚಿನ್ನಕ್ಕೂ ಸ್ಥಾನವಿದೆ. ಅದಕ್ಕೆ ಕಿಲುಬು ಹಿಡಿಯದು. ಆದುದರಿಂದ ಅತಿ ಸೂಕ್ಷ್ಮ ಸಂಕೇತ ಹರಿಯುವ ಜಾಗದಲ್ಲಿ ಅದು ಉಪಯುಕ್ತ. ಸ್ಪೀಕರಿನ ತಂತಿಯ ಕಡೆಗೂ ಗಮನವಿರಲಿ. 4 ಓಮಿನ ಸ್ಪೀಕರಿಗೆ 50 ವ್ಯಾಟ್ ಕೊಡುವಾಗ ಮೂರೂವರೆ ಆಂಪಿಯರ್ ಹರಿಯುತ್ತದೆ. ಅಲ್ಲಿ ಬಿಗಿಯಾದ ತಿರುಪು, ದಪ್ಪ ತಂತಿ ಬೇಕು.

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಗುಂಯ್‌ಗುಟ್ಟುವ ಸದ್ದು ನಿಲ್ಲಲೆಂದು ಕೆಲವರು ಅರ್ಥ್ ತಂತಿಯನ್ನೇ ಕತ್ತರಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿರಿ. ಟ್ರಾನ್ಸ್‌ಫಾರ್ಮರಿನ ನಿರೋಧಕ ಕೆಟ್ಟ ದಿನ ಲೋಹದ ಪೆಟ್ಟಿಗೆಗೆ 230 ವೋಲ್ಟ್ ತಾಗುತ್ತದೆ. ಮಳೆಗಾಲದಲ್ಲಿ, ಕಾಗವಾಡದ ಕಡೆಯ ಹೊಳೆಸಾಲಿನ ಹಸಿ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಮನೆಯ ಮಗು ಅದನ್ನು ಮುಟ್ಟಿದರೆ ಗತಿಯೇನು? ಸದ್ದಿಗೆ ಮದ್ದು ಬೇರೆ ಇದೆ: ಒಳಗಿನ ಸಂಕೇತದ ನೆಲತಂತಿಗಳನ್ನೆಲ್ಲ ಒಂದೇ ಬಿಂದುವಿಗೆ ಕೂಡಿಸಿರಿ. ಪೆಟ್ಟಿಗೆಯನ್ನು ಅರ್ಥ್ ಪಿನ್ನಿಗೆ ಗಟ್ಟಿಯಾಗಿ ಬಿಗಿಯಿರಿ; ಫೇಸ್ ತಂತಿಯಲ್ಲಿ ತಕ್ಕ ಫ್ಯೂಸು ಹಾಕಿರಿ; ಎಳೆದರೂ ಕಿತ್ತುಬಾರದಂತೆ ಕೇಬಲ್ಲನ್ನು ಹಿಡಿಸಿರಿ.

ಐಎಸ್‌ಐ ಗುರುತಿನ ಸಾದಾ ಪ್ಲಗ್ ಕೊಂಡು, ಉಳಿದ ಹಣವನ್ನು ಒಳ್ಳೆಯ ಟ್ರಾನ್ಸ್‌ಫಾರ್ಮರಿಗೂ ಸ್ಪೀಕರಿಗೂ ಹಾಕಿರಿ. ಹಾಡು ಇಂಪಾಗುವುದು, ಕೇಳುವ ಮನೆಯೂ ಸುರಕ್ಷಿತವಾಗಿರುವುದು.