ಸಂಗೀತದ ಸರಹದ್ದುಗಳು

ಶಾಸ್ತ್ರೀಯ, ಸುಗಮ, ರಂಗಗೀತೆ, ಜನಪದ ಗೀತೆ, ಚಿತ್ರಗೀತೆ ಎಂದು ನಾವು ಸಂಗೀತವನ್ನು ವಿಂಗಡಿಸುವುದುಂಟು. ಈ ಸರಹದ್ದುಗಳನ್ನು ಹಾಕಿದವರು ಯಾರು? ಹುನಗುಂದ, ಬೀಳಗಿಗಳ ಕಡೆಯ ಚರಿತ್ರೆಯನ್ನು ನೋಡಿದರೆ, ಹಾಡುವವರಂತೂ ಅಲ್ಲವೆಂದು ತೋರುತ್ತದೆ.

ಹುನಗುಂದ ಸೀಮೆಯವರಾದ ಕಂದಗಲ್ಲ ಹನುಮಂತರಾಯರ ನಾಟಕಗಳನ್ನಾಡಿದ ಕಂಪನಿಗಳಲ್ಲಿ ನಟನೇ ಗಾಯಕ. ರಾಗದಾರಿಯ ಹಾಡಿಗೂ ಹಳ್ಳಿಯ ಪ್ರೇಕ್ಷಕರು ‘ಒನ್ಸ್ ಮೋರ್’ ಕೂಗುತ್ತಿದ್ದರು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರು ರಂಗಭೂಮಿಯಿಂದ ಮುಂಬಯಿಯ ಚಿತ್ರರಂಗಕ್ಕೆ ಹೋಗಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಎಳವೆಯಲ್ಲಿ ನಾಟಕ ಕಂಪನಿಯಲ್ಲಿದ್ದ ಮಲ್ಲಿಕಾರ್ಜುನ ಮನ್ಸೂರರು ಜೈಪುರ ಘರಾಣೆಯ ಖ್ಯಾಲನ್ನು ಹಾಡಿದ ಕಂಠದಿಂದಲೇ ವಚನಗಳನ್ನೂ ಹಾಡಿದರು.

ವಿಂಗಡಣೆಯನ್ನು ಬಿಗಿಗೊಳಿಸಿದ್ದು ಯಂತ್ರ. 1902ರಿಂದ ನಮ್ಮ ದೇಶದಲ್ಲಿ ಗ್ರಾಮೋಫೋನ್ ಧ್ವನಿಮುದ್ರಣವಾಗತೊಡಗಿತು. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಮಾರಾಟದ ಪಟ್ಟಿಯಲ್ಲಿ ಅದಕ್ಕೊಂದು ಶೀರ್ಷಿಕೆ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾಯಿತು. ಬಾನುಲಿಗೆ ವೇಳಾಪಟ್ಟಿ ಅನಿವಾರ್ಯ. ಒಂದೊಂದು ಬಗೆಯ ಗಾನಕ್ಕೆ ಒಂದೊಂದು ಹೊತ್ತು ಗೊತ್ತಾಯಿತು. 1952ರಲ್ಲಿ ಮಂತ್ರಿಗಳಾದ ಬಿ. ವಿ. ಕೇಸ್ಕರರು ಚಿತ್ರಗೀತೆಗಳನ್ನು ಹಿಂದೆ ಸರಿಸಿದಾಗ ಕೇಳುಗರು ರೇಡಿಯೋ ಸಿಲೋನಿನತ್ತ ತಿರುಗಿದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬರಲೇಬೇಕಾಯಿತು. ಗೋಡೆ ಎಷ್ಟೇ ಎತ್ತರವಿರಲಿ, ಕಿವಿ ಅದನ್ನು ದಾಟಿತು.

2016ರ ಬಳಿಕ ಮೊಬೈಲಿನ ಅಂತರ್ಜಾಲ ಅಗ್ಗವಾಯಿತು. ಇಂದು ರಾಮಥಾಳದಂಥ ಹಳ್ಳಿಯಲ್ಲೂ ಯೂಟ್ಯೂಬಿನೊಳಗೆ ಜನಪದ ಧಾಟಿಗೆ ಡಿಜೆಯ ಬಡಿತ ಕೂಡುತ್ತದೆ. ವಚನದ ಹಿಂದೆ ಗಿಟಾರು ನುಡಿಯುತ್ತದೆ. ಯಂತ್ರವು ಕೇಳುಗನ ಹಿಂದಿನ ಆಯ್ಕೆಗಳನ್ನು ನೋಡಿ ಮುಂದಿನ ಹಾಡನ್ನು ಹಚ್ಚುತ್ತದೆ. ಶೀರ್ಷಿಕೆಯ ಹಂಗು ಅದಕ್ಕಿಲ್ಲ. ಇದರಿಂದ ಸಂಗೀತ ಕೆಟ್ಟಿತೆಂದು ಮರುಗುವವರಿದ್ದಾರೆ. ಆದರೆ ಬೆರಕೆ ನಮಗೆ ಹೊಸದಲ್ಲ. ಕಂಪನಿ ನಾಟಕದ ಹಾಡೂ ಬೆರಕೆಯೇ.

ನಷ್ಟ ಬೇರೆ ಕಡೆ ಇದೆ. ಕಲಕತ್ತೆಯ ಗೌಹರ್ ಜಾನ್ ತಮ್ಮ ಧ್ವನಿಮುದ್ರಿಕೆಗಳ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ದೂರದ ಜರ್ಮನಿಯಲ್ಲಿ ತಟ್ಟೆ ಸಿದ್ಧಪಡಿಸುವವರಿಗೆ ಗುರುತು ಸಿಗಲೆಂದು. ಆಕಾಶವಾಣಿಯ ಉದ್ಘೋಷಕರು ಹಾಡಿದವರನ್ನೂ ರಚಿಸಿದವರನ್ನೂ ಹೆಸರಿಸುವ ಸಂಪ್ರದಾಯ ಬೆಳೆಸಿದರು. ಅರ್ಧ ನಿಮಿಷಕ್ಕೆ ಕತ್ತರಿಸಿ ಕೈಯಿಂದ ಕೈಗೆ ಹೋಗುವ ತುಣುಕಿನಲ್ಲಿ ಆ ಹೆಸರೇ ಎಷ್ಟೋ ಸಲ ಉದುರಿಹೋಗುತ್ತದೆ. ಬೀಸುಕಲ್ಲಿನ ಪದಗಳಲ್ಲಿ ಕಟ್ಟಿದವರ ಹೆಸರಿಲ್ಲದಿದ್ದರೂ, ಯಾರಿಂದ ಕಲಿತದ್ದೆಂಬುದನ್ನು ಹಾಡುವ ಹೆಣ್ಣುಮಗಳು ಬಲ್ಲಳು.

ರಾಮಥಾಳ–ಮರೋಳ ಹನಿ ನೀರಾವರಿಯ ನೀರು ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಕೊಳವೆಗಳ ಮೂಲಕ ಹೊಲಕ್ಕೆ ಬರುತ್ತದೆ. ಕೊಳವೆ ನೆಲದಡಿಯಲ್ಲಿದ್ದರೂ ಅದು ಕೃಷ್ಣೆಯ ನೀರೆಂದು ರೈತನಿಗೆ ಗೊತ್ತು. ಹಾಡಿನ ವಿಷಯದಲ್ಲಿಯೂ ನಮಗೆ ಅಷ್ಟು ತಿಳಿವಳಿಕೆ ಬೇಡವೇ? ಸೊಗಸೆನಿಸಿದ ಹಾಡನ್ನು ಇನ್ನೊಬ್ಬರಿಗೆ ಕಳಿಸುವಾಗ ಹಾಡಿದವರ ಹೆಸರನ್ನೂ ಊರನ್ನೂ ಜೊತೆಗೆ ಬರೆದರೆ, ಸರಹದ್ದುಗಳು ಅಳಿದರೂ ಹಾಡುಗಾರರು ಅಳಿಯರು.